ಬಲಬದಿಯ ಚೌಕ

ವೀಕ್ಷಣಾ ಕೇಂದ್ರ, ಮೂರನೆಯ ಮಹಡಿ
ನವೆಂಬರ್ ೧೪, ಮಧ್ಯಾಹ್ನ

ಪ್ರೀತಿಯ ತಂಗೀ,

ನಿನ್ನ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಬೇಡವೆಂದು ವೈದ್ಯರು ಹೇಳಿದರೂ ನೀನು ಕೇಳುತ್ತಿಲ್ಲವೆಂದು ಭಾವನವರು ಬರೆದಿದ್ದರು. ನನ್ನ ರಕ್ತದೊತ್ತಡ ಹತೋಟಿಯಲ್ಲಿದೆ. ಒಂದು ಮಾಪಕವನ್ನು ನಂಬದೆ ಎರಡರಲ್ಲಿ ನೋಡಿಕೊಳ್ಳುತ್ತೇನೆ. ನೀನು ಈ ಕೇಂದ್ರ ಬಿಟ್ಟ ಒಂಬತ್ತು ವರ್ಷಗಳಲ್ಲಿ ನಾವು ಬರೆದುಕೊಂಡದ್ದು ಆರೋಗ್ಯದ ವಿಚಾರ ಮಾತ್ರ. ಇಂದು ಕೆಲಸದ ವಿಚಾರ ಬರೆಯಬೇಕಾಗಿದೆ.

ನಿನ್ನ ಜಾಗದಲ್ಲಿ ಈಗ ಕೂರುವವರನ್ನು ಎಲ್ಲರೂ ಸರಸರ ಮೇಡಂ ಎನ್ನುತ್ತಾರೆ. ನಡಿಗೆ, ಮಾತು, ತೀರ್ಮಾನ, ಎಲ್ಲವೂ ಸರಸರ. ಕಳೆದ ತಿಂಗಳು ಆಕೆ ಒಂದು ಕ್ವೇಸಾರಿನ ಎಕ್ಸ್-ಕಿರಣಗಳ ನಕ್ಷೆ ತಂದರು. ಕ್ವೇಸಾರಿನ ನಡುವಿನ ಕಪ್ಪುಕುಳಿಯ ಸುತ್ತ ಹುಟ್ಟಿದ ಬೆಳಕಿಗೆ ಅನಿಲ ಅಡ್ಡ ನಿಂತು ಒಂದು ಪಾಲು ಹೀರಿಕೊಂಡರೆ ನಕ್ಷೆಯ ಗೆರೆಯಲ್ಲಿ ತಗ್ಗು ಬೀಳುತ್ತದೆಂದು ನಿನಗೆ ಹೇಳಬೇಕಾಗಿಲ್ಲ. ತಗ್ಗು ಕಿರಣಗಳ ಶಕ್ತಿಯ ಅಳತೆಯಲ್ಲಿ ಎಂಟರ ಅಂಕಿಯ ಬಳಿ ಇತ್ತು. ಅದೇ ಕ್ವೇಸಾರನ್ನು ನೋಡಿದ ಇನ್ನೊಂದು ಬಾಹ್ಯಾಕಾಶ ದೂರದರ್ಶಕದಲ್ಲಿ ಇರಲಿಲ್ಲ. ಒಂಬತ್ತು ವರ್ಷಗಳ ಹಿಂದೆ ನಿನ್ನ ಕ್ವೇಸಾರಿನದೂ ಇದೇ ಕಥೆ. ಅಂಕಿ ತಿದ್ದಿದವಳು ನೀನೆಂದು ನಾನು ನಿರ್ದೇಶಕರಿಗೆ ಬರೆದುಕೊಟ್ಟಿದ್ದೆ. ದೂರ ಬದಲಾದರೆ ತಗ್ಗಿನ ಜಾಗವೂ ಸರಿಯಬೇಕು; ಬೇರೆ ಬೇರೆ ದೂರದ ಎರಡು ಕ್ವೇಸಾರುಗಳಲ್ಲಿ ತಗ್ಗು ಒಂದೇ ಜಾಗದಲ್ಲಿ ಬೀಳುವುದು ಹೇಗೆ? ಆಕೆ ನಿನ್ನಿಂದಲೇ ಕಲಿತಿರಬೇಕೆಂದು ಶಂಕಿಸಿದೆ. ನೀವಿಬ್ಬರೂ ಪತ್ರ ಬರೆದುಕೊಳ್ಳುತ್ತೀರಾ ಎಂದು ಟಪಾಲು ವಿಭಾಗದಲ್ಲಿ ವಿಚಾರಿಸಿದ್ದೂ ಉಂಟು.

ಕಡತವನ್ನು ಯಾರು ಯಾವಾಗ ತೆರೆದರೆಂದು ಮೂರು ದಿನ ಪರಿಶೀಲಿಸಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ನಾನು ಒಳಗೆ ಕಾಲಿಟ್ಟೊಡನೆ ಆಕೆ ಪರದೆ ಬದಲಿಸುತ್ತಿದ್ದರು. ಕೊನೆಗೆ ಕೇಳಿಯೇಬಿಟ್ಟೆ. ಮಕ್ಕಳಿಗೆ ಬೂಟು ಆರಿಸುತ್ತಿದ್ದರಂತೆ. "ಸಾರ್, ನಿಮ್ಮ ಕನ್ನಡಕ ನಂಬೋಕೂ ನಿಮಗೆ ಜಾಮೀನು ಬೇಕೇನೋ. ಬನ್ನಿ, ಕೂತ್ಕೊಳ್ಳಿ, ಮೊದಲಿಂದ ಮಾಡಿ ತೋರಿಸ್ತೀನಿ" ಎಂದರು. ನನ್ನ ಕಣ್ಣೆದುರೇ ತಗ್ಗು ಬಿತ್ತು. ಕ್ವೇಸಾರಿನ ಪಕ್ಕದ ಖಾಲಿ ಜಾಗವನ್ನು ಒಂದು ಚೌಕದಲ್ಲಿ ಅಳೆದು ಕ್ವೇಸಾರಿನ ಅಳತೆಯಿಂದ ಕಳೆಯುವುದು ನಮ್ಮ ಪದ್ಧತಿಯಷ್ಟೆ. ಆ ಚೌಕವನ್ನು ಇಲ್ಲಿ ಯಾರೂ ಹೊಸದಾಗಿ ಬಿಡಿಸುವುದಿಲ್ಲ. ಚಿತ್ರದ ಬಲಬದಿಯ ಅಂಚಿನಲ್ಲಿ ಒಮ್ಮೆ ಬಿಡಿಸಿಟ್ಟದ್ದನ್ನೇ ನಕಲು ಮಾಡುತ್ತಾರೆ. "ಇದನ್ನ ಬಿಡಿಸಿದ್ದು ಯಾರು ಸಾರ್?" ಎಂದರು. ನಾನು. ಯಾರೂ ಮುಟ್ಟಬಾರದೆಂಬ ನಿಯಮವೂ ನನ್ನದೇ. ಎಲ್ಲರನ್ನೂ ಶಂಕಿಸಿದ ನಾನು ಅದನ್ನೊಂದು ಶಂಕಿಸಿರಲಿಲ್ಲ. ಉಪಕರಣದ ಅಂಚಿನ ಹಿಂದಿರುವ ತಾಮ್ರ ತಾನೇ ಎಂಟರ ಬಳಿ ಹೊಳೆಯುತ್ತದೆ. ಕ್ವೇಸಾರು ಕೂರುವ ನಡುಭಾಗದಲ್ಲಿ ಆ ಹೊಳಪಿಲ್ಲ. ಇಲ್ಲದ್ದನ್ನು ಕಳೆದರೆ ತಗ್ಗು ಬೀಳದೆ ಇನ್ನೇನು? ಚೌಕವನ್ನು ನಡುವಿಗೆ ಸರಿಸಿದೆವು. ತಗ್ಗು ಮಾಯವಾಯಿತು.

ಭಾವನವರಿಗೆ ನಮಸ್ಕಾರ ತಿಳಿಸು. ಮಕ್ಕಳು ಚೆನ್ನಾಗಿರಲಿ, ಅವರು ಮಾಮನ ಗುಣ ಕಲಿಯದಿರಲಿ.

ನಿನ್ನ
ಅಣ್ಣ

ತಾ.ಕ.: ನಿನ್ನ ಹಳೆಯ ಕಡತದಲ್ಲೂ ಚೌಕ ಸರಿಸಿ ನೋಡಿದೆ. ಅಲ್ಲೂ ತಗ್ಗಿಲ್ಲ. "ಅಣ್ಣಾ, ಆ ಚೌಕ ಒಂದ್ಸಲ ನೋಡೋ" ಎಂದು ನೀನು ಅಂದೇ ಹೇಳಿದ್ದೆ. ಮಾತು ಮರೆಸುತ್ತಿದ್ದೀಯ ಎಂದುಕೊಂಡೆ. ತಪ್ಪು ನನ್ನದೆಂದು ಈ ಬೆಳಿಗ್ಗೆ ನಿರ್ದೇಶಕರಿಗೆ ಬರೆದುಕೊಟ್ಟ ಪತ್ರದ ಪ್ರತಿ ಇದರೊಡನಿದೆ. ನೀನು ಹೋದ ದಿನ ನಿನ್ನ ಕೋಣೆಗೆ ನಾನು ಬದಲಾಯಿಸಿದ ಬೀಗದ ಎರಡನೆಯ ಕೀಲಿಯೂ ಇದೆ. ಸರಸರ ಮೇಡಂ ಆಗಲೇ ನಿನಗೆಂದು ಅರ್ಧ ಮೇಜು ತೆರವು ಮಾಡಿದ್ದಾರೆ. ಲಿಫ್ಟು ಕೆಲಸ ಮಾಡುತ್ತಿದೆ. ಎರಡು ಬಾರಿ ಹತ್ತಿ ನೋಡಿದೆ.