ಪಕ್ಕದ ಮನೆಯ ಬೈಗುಳ

೧೮ ನವೆಂಬರ್ ೨೦೨೪, ಸೋಮವಾರ. ಅವಲಪಲ್ಲಿ.

ಪಕ್ಕದ ಮನೆಯ ಕೋಮಲಾಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಬರೆಯಲು ನಾಚಿಕೆ, ಆದರೂ ನಿಜ.

ನಮ್ಮವರನ್ನು ಕೊಂಡೊಯ್ದ ಕ್ಯಾನ್ಸರೇ ಅವಳ ಗಂಡ ನಂದೀಶನಿಗೂ ಬಂದಿದೆ. ಸಂಜೆ ಅತ್ತುಕೊಂಡು ಬಂದಳು. "ಅಕ್ಕಾ, ಮುದ್ದೆ ತಟ್ಟೇನೇ ತಳ್ಬುಟ್ರು. ಕೀಮೋ ಹಾಕಿಸ್ದಾಗಿಂದ ಬಾಯೆಲ್ಲ ತಗಡು ನೆಕ್ಕಿದಂಗೈತಂತೆ. ಇದೇನು ಸಾರಾ, ಪಾತ್ರೆ ತೊಳ್ದ ನೀರಾ ಅಂತಾರೆ. ಎಷ್ಟು ಉಪ್ಪು ಹಾಕ್ಲಿ ಹೇಳಕ್ಕಾ?"

"ಪುಣ್ಯವಂತೆ ಕಣೆ ನೀನು" ಅಂದೆ.

ಅಣಕಿಸಿದೆ ಅಂದುಕೊಂಡಳೇನೋ. "ನಿಂಗೇನಕ್ಕಾ, ಅಣ್ಣ ದೇವ್ರಂತೋರು. ಹಾಕಿದ್ದು ಉಣ್ತಿದ್ರು" ಅಂದು ಎದ್ದು ಹೋದಳು.

ಹೌದು, ಉಣ್ಣುತ್ತಿದ್ದರು. ಅವರಿಗೂ ಅದೇ ಕೀಮೋ ಹಾಕಿದ್ದರು. ಏನು ಬಡಿಸಿದರೂ "ಚೆನ್ನಾಗೈತೆ" ಅನ್ನುತ್ತಿದ್ದರು, ಕೊನೆಯ ವಾರದವರೆಗೂ. ನಾನು ನಂಬಿದೆ. ನನ್ನ ಕೈರುಚಿ ಎಂದು ಹಿಗ್ಗಿ, ಮಾರನೆಯ ದಿನವೂ ಅದೇ ಹುರುಳಿ ಸಾರು ಮಾಡಿದೆ. ಅವರು ಹೇಗೆ ನುಂಗಿದರೋ.

ಗೋಡೆಯಾಚೆ ನಂದೀಶ ಈಗಲೂ ರೇಗುತ್ತಿದ್ದಾನೆ. ಇವಳೂ ಬಿಡದೆ ಎದುರು ಮಾತಾಡುತ್ತಿದ್ದಾಳೆ. ಅವನ ಬಾಯಿ ಹೇಗಿದೆಯೆಂದು ಅವಳಿಗೆ ಗೊತ್ತು. ನನಗೆ ನಮ್ಮವರದು ಗೊತ್ತಾಗಲೇ ಇಲ್ಲ.

ಒಂದು ಸಲವಾದರೂ ತಟ್ಟೆ ತಳ್ಳಬಾರದಿತ್ತೇ? ಬೈಸಿಕೊಳ್ಳುವಷ್ಟು ಹತ್ತಿರದವಳೂ ಆಗಿರಲಿಲ್ಲವೇ ನಾನು?