ಪುಸ್ತಕಗಳು ಹೋದ ಕೋಣೆ

ಮಾರ್ಚ್ ೧೨, ಮಂಗಳವಾರ

ಕೆಮ್ಮು ಕೇಳಿಸಿದ್ದು ನನಗಲ್ಲ, ಮೇಷ್ಟ್ರಿಗೆ. ಆದರೂ ಅದು ನನ್ನನ್ನು ಬಿಡುತ್ತಿಲ್ಲ.

ಗ್ರಂಥಾಲಯವನ್ನು ಡಿಜಿಟಲ್ ಮಾಡುವ ನಕ್ಷೆ ನನ್ನದೇ. ಓದುವ ಕೋಣೆಯ ಕಪಾಟುಗಳನ್ನೆಲ್ಲ ತೆಗೆಸಿ ಕಂಪ್ಯೂಟರ್‌ಗಳನ್ನು ಇಡಬೇಕು. ಮಧ್ಯಾಹ್ನ ಕೊನೆಯ ಕಪಾಟೂ ಹೊರಗೆ ಹೋಯಿತು. ಕೆಲಸದವರು ಊಟಕ್ಕೆ ಹೊರಟರು.

ಅಷ್ಟರಲ್ಲಿ ಮೇಷ್ಟ್ರು ಬಂದರು. ಕಣ್ಣು ಹೋದಮೇಲೂ ದಿನಾ ಬಂದು ಯಾರಿಂದಲಾದರೂ ಓದಿಸಿಕೊಳ್ಳುವವರು. ಬಾಗಿಲಲ್ಲೇ ನಿಂತು, "ಏನಮ್ಮಾ, ಇವತ್ತು ಇಷ್ಟೊಂದು ಜನ?" ಎಂದರು.

"ನಾವಿಬ್ರೇ ಮೇಷ್ಟ್ರೇ. ಪುಸ್ತಕಗಳು ಸದ್ದನ್ನ ಹೀರ್ಕೊಳ್ತಿದ್ವು. ಈಗ ಅವಿಲ್ವಲ್ಲ, ನಮ್ಮ ಮಾತೇ ವಾಪಸ್ ಬರ್ತಿದೆ."

"ಮಾತು ಸರಿ. ಆ ಕೆಮ್ಮು ಯಾರದು?"

ಇಬ್ಬರೂ ಕೆಮ್ಮಿರಲಿಲ್ಲ. ನಗಲು ನೋಡಿದೆ. ಗೋಡೆಗೆ ಬಡಿದು ಬಂದ ನಗು ನನ್ನದೆನಿಸಲಿಲ್ಲ.

ಮೇಷ್ಟ್ರು ಕೋಲೂರುತ್ತ ಕಿಟಕಿ ಪಕ್ಕದ ತಮ್ಮ ಕುರ್ಚಿಯತ್ತ ನಡೆದರು. ಅದೊಂದೇ ಉಳಿದಿತ್ತು. ಹತ್ತಿರ ಹೋದವರು ಥಟ್ಟನೆ ನಿಂತು, "ಕ್ಷಮಿಸಿ, ಗೊತ್ತಾಗ್ಲಿಲ್ಲ. ಕೂತಿರಿ," ಎಂದು ಖಾಲಿ ಕುರ್ಚಿಗೆ ಹೇಳಿ ಹಿಂದೆ ಸರಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಪಾಪ, ಓದೋಕೆ ಬಂದಿದಾರೆ. ಏನಾದ್ರೂ ಕೊಡಮ್ಮ," ಎಂದರು.

ನನ್ನ ನಕ್ಷೆ ಬಿಟ್ಟರೆ ಕೊಡಲು ಆ ಕೋಣೆಯಲ್ಲಿ ಒಂದು ಹಾಳೆಯೂ ಇರಲಿಲ್ಲ.

ಮೇಷ್ಟ್ರು ಹೋದಮೇಲೆ ನೆಲದ ಮೇಲೇ ಕೂತು ನಕ್ಷೆ ತಿದ್ದಿದೆ. ಕಿಟಕಿಯ ಗೋಡೆಯುದ್ದಕ್ಕೂ ಕಪಾಟು ಮತ್ತೆ ಬಂತು, ಕಂಪ್ಯೂಟರ್‌ಗಳು ಅರ್ಧವಾದವು. ಯಾರಾದರೂ ಕೇಳಿದರೆ ಪ್ರತಿಧ್ವನಿ ತಡೆಯಲು ಎನ್ನುತ್ತೇನೆ. ಅದು ಸುಳ್ಳೂ ಅಲ್ಲ.

ಹೊರಡುವಾಗ ದೀಪ ಆರಿಸಲು ಕೈಯೆತ್ತಿದೆ. ಅಲ್ಲಿ ಯಾರೋ ಕಾಯುತ್ತಿರುವಾಗ ಆರಿಸುವುದು ಹೇಗೆ? ಉರಿಯಲು ಬಿಟ್ಟು, ಕುರ್ಚಿಯ ಕಡೆ ನೋಡದೆ ಬಾಗಿಲು ಎಳೆದುಕೊಂಡು ಬಂದೆ. ನಾಳೆ ಹೋದೊಡನೆ ಒಂದು ಪುಸ್ತಕವನ್ನಾದರೂ ಅವರಿಗೆ ಕೊಡಬೇಕು.