ಲಿಸ್ಬನ್ನಿನ ಜಾಲರಿ ಕಿಟಕಿ

ಬೆಂಟ್ಲಿ, ಪರ್ತ್
೯ ಸೆಪ್ಟೆಂಬರ್ ೨೦೧೬

ಪ್ರೀತಿಯ ಮೆಲಿಶಾ,

ನೀನೂ ರಮಾಕಾಂತನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಮ್ಮ ಇಗರ್ಜಿಯವನಲ್ಲ ಎಂದು ನಾನು ದೂರವಿಟ್ಟ ಆ ಹೆಸರು ಬರೆಯಲು ನನಗೆ ಎರಡು ವರ್ಷ ಬೇಕಾಯಿತು, ಕ್ಷಮಿಸು. ಇದು ನಾಲ್ಕನೆಯ ಪತ್ರ. ಮೂರಕ್ಕೂ ಉತ್ತರವಿಲ್ಲ, ಫೋನೂ ನೀನು ಎತ್ತುವುದಿಲ್ಲ. ಹೆರಿಗೆಗೆ ಇನ್ನು ಮೂರೇ ವಾರ ಎಂದು ಅಡಿಲೇಡಿನಿಂದ ವೆನೆಸ್ಸಾ ಆಂಟಿ ಹೇಳಿದಳು. ‘ಬಾ’ ಎಂದು ಒಂದು ಮಾತು ಕಳಿಸು, ಬ್ರಿಸ್ಬೇನಿಗೆ ಬಂದುಬಿಡುತ್ತೇನೆ.

ಡ್ಯಾಡಿ ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಬಂದಾಗಲೆಲ್ಲ ನನ್ನ ಪಿಎಚ್‌ಡಿ ಪುಸ್ತಕಗಳನ್ನು ನೋಡಿ, "ಲಿಸ್ಬನ್ನಿನ ಹೆಂಗಸ್ರು ಏನು ತಿಂತಿದ್ರು ಅಂತ ಗೊತ್ತು ನಿಂಗೆ. ಮಗಳು ಏನು ತಿಂತಾಳೆ ಗೊತ್ತಿಲ್ಲ, ಅಲ್ವಾ?" ಅನ್ನುತ್ತಾರೆ.

ಥೀಸಿಸ್ ನಿಂತುಹೋಗಿದೆ. ಮಹಾ ಭೂಕಂಪಕ್ಕೆ ಮುಂಚಿನ ಲಿಸ್ಬನ್, ಇನ್ನೂರೈವತ್ತು ವರ್ಷಕ್ಕೂ ಹಿಂದಿನದು. ಸ್ಥಿತಿವಂತರ ಮನೆಯ ಹೆಂಗಸರು ತಗ್ಗಾದ ಮರದ ಕಟ್ಟೆಯ ಮೇಲೆ ಚಾಪೆ ಹಾಸಿ, ನಮ್ಮ ಅಜ್ಜಿಯ ಹಾಗೆ ಚಕ್ಕಳಮಕ್ಕಳ ಹಾಕಿ ಕೂತು ಹೊಲಿಯುತ್ತಿದ್ದರು. ಇಗರ್ಜಿಗೆ ಬಿಟ್ಟರೆ ಬೀದಿಗಿಳಿಯುವುದು ಕಡಿಮೆ. ಕಿಟಕಿಗೆ ಮರದ ಜಾಲರಿ. ಅದರ ಹಿಂದೆ ನಿಂತು ಮೆರವಣಿಗೆ, ಮೀನಿನವರು, ಕೆಳಗೆ ಕಾದು ನಿಂತ ಪ್ರೇಮಿಗಳು, ಎಲ್ಲ ನೋಡುತ್ತಿದ್ದರು. ಹೊರಗಿನವರಿಗೆ ಇವರು ಕಾಣರು. ಅಧ್ಯಾಯ ಓದಿ ನನ್ನ ಗೈಡ್ ಕೇಳಿದರು: "ಒಳಗಿನವಳು ಕಂಡದ್ದೆಲ್ಲ ಚೆನ್ನಾಗಿ ಬರೆದಿದ್ದೀರಿ, ಲೂರ್ಡ್ಸ್. ಬೀದಿಯಲ್ಲಿ ನಿಂತವಳಿಗೆ ಏನು ಕಂಡಿತು?" ಅಂದಿನಿಂದ ಒಂದು ಸಾಲೂ ಬರೆದಿಲ್ಲ.

ವೆನೆಸ್ಸಾ ಇನ್ನೊಂದು ಮಾತೂ ಹೇಳಿದಳು. ನೀನು ಅಂದೆಯಂತೆ: "ಕರೆಯೋಕೆ ಹೋದಾಗ ಮಮ್ಮಿ ಮನೇಲಿರ್ಲಿಲ್ಲ. ನನ್ನ ಮುಖ ನೋಡಿದ್ದಿದ್ರೆ ರೋಸ್‌ಗೆ ಬಂದೇ ಬರ್ತಿದ್ರು." ಮದುವೆಯ ಮುನ್ನಾದಿನದ ಆ ರೋಸ್‌ನಲ್ಲಿ ಮಗಳ ತಲೆಗೆ ತೆಂಗಿನ ಹಾಲು ಹಾಕಲು ತಾಯಿ ಇರಬೇಕಿತ್ತು. ನಿನಗೆ ಯಾರು ಹಾಕಿದರೋ, ಕೇಳುವ ಧೈರ್ಯ ನನಗಿಲ್ಲ.

ಹೆರಿಗೆ ಸುಸೂತ್ರವಾಗಲಿ. ನಿನ್ನನ್ನೂ ಮಗುವನ್ನೂ, ರಮಾಕಾಂತನನ್ನೂ ದೇವರು ಕಾಯಲಿ.

ನಿನ್ನ
ಮಮ್ಮಿ

ತಾ.ಕ.: ನೀನು ಕರೆಯಲು ಬಂದ ದಿನ ಮನೆ ಮುಂದೆ ಕಾರು ಇರಲಿಲ್ಲ, ಸರ್ವಿಸಿಗೆ ಹೋಗಿತ್ತು. ನಾನು ಮನೆಯಲ್ಲೇ ಇದ್ದೆ. ಮುಂದಿನ ಕೋಣೆಯ ಕಿಟಕಿಯ ಬ್ಲೈಂಡಿನ ಸಂದಿಯಿಂದ ನಿನ್ನ ಮುಖ ನೋಡಿದೆ. ಮೂರು ಸಲ ಬೆಲ್ ಒತ್ತಿದೆ ನೀನು. ರೋಸ್‌ನ ಹಾಲಿಗೆಂದು ತಂದಿದ್ದ ತೆಂಗಿನಕಾಯಿಯನ್ನು ಬಾಗಿಲಲ್ಲಿಟ್ಟು ಹೋದೆ. ಅದನ್ನು ಇನ್ನೂ ಒಡೆದಿಲ್ಲ. ಅಲ್ಲಾಡಿಸಿದರೆ ಈಗ ಒಳಗೆ ನೀರಿನ ಸದ್ದಿಲ್ಲ. ಇದನ್ನು ಓದಿದ ಮೇಲೂ ‘ಬಾ’ ಅನ್ನಬೇಕೆನಿಸಿದರೆ ಅನ್ನು.